ಬೊಲೋನ್ಯದಿಂದ ಒಂದು ದಿನ: ಪಾರ್ಮಾ, ಮೊದೆನಾ ಊರುಗಳನ್ನು ಸ್ವಂತ ಗೈಡ್ ಜೊತೆ ನೋಡಿ, ರುಚಿ ನೋಡಿ ಬರುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೋದಾಗ ನಾವು ಚೀಸ್ ಡೇರಿ ತಲುಪಿದ್ದು ಬೆಳಿಗ್ಗೆ ಹನ್ನೊಂದೂವರೆಗೆ. ತಾಮ್ರದ ಕೊಪ್ಪರಿಗೆಗಳು ಬರಿದಾಗಿ ಹೊಳೆಯುತ್ತಿದ್ದವು. ಒಬ್ಬ ಹುಡುಗ ಪೈಪಿನಲ್ಲಿ ನೀರು ಬಿಟ್ಟು ನೆಲ ತೊಳೆಯುತ್ತಿದ್ದ. ಗೈಡ್ ಪಾಪ ಬಾಯಲ್ಲೇ ಚೀಸ್ ಮಾಡಿ ತೋರಿಸಿದರು: ಇಲ್ಲಿ ಹಾಲಿತ್ತು, ಇಲ್ಲಿ ಒಡೆಸಿದರು, ಇಲ್ಲಿಂದ ಮೇಲೆತ್ತಿದರು. ಪ್ಯಾಕೇಜ್ ಮಾರಿದವರು ನಮ್ಮನ್ನು ಹೋಟೆಲಿನಿಂದ ಹೊರಡಿಸಿದ್ದೇ ಹತ್ತು ಗಂಟೆಗೆ, 'ಆರಾಮಾಗಿ ತಿಂಡಿ ಮುಗಿಸಿ ಬನ್ನಿ' ಎಂದು. ದುಡ್ಡು ಪೂರ್ತಿ ಕೊಟ್ಟು ಒದ್ದೆ ನೆಲ ನೋಡಿಕೊಂಡು ಬಂದೆವು.

ಎರಡನೇ ಸಲ ಎಲ್ಲವನ್ನೂ ನಾವೇ ಕೂತು ಹೊಂದಿಸಿದೆವು. ಇಟಲಿಯ ಎಮಿಲಿಯಾ ಪ್ರಾಂತ್ಯದಲ್ಲಿ ಊರು, ಊಟ ಎರಡನ್ನೂ ಒಂದೇ ದಿನದಲ್ಲಿ ನೋಡಬೇಕೆಂದರೆ ವೇಳಾಪಟ್ಟಿ ಬರೆಯುವ ಅಧಿಕಾರ ನಿಮ್ಮದೂ ಅಲ್ಲ, ಗೈಡ್‌ದೂ ಅಲ್ಲ. ಅದು ಹಾಲಿನದು. ಅದರ ಆಮೇಲೆ ಮಧ್ಯಾಹ್ನ ಬಾಗಿಲು ಹಾಕುವ ಚರ್ಚುಗಳದು. ಇಷ್ಟಕ್ಕೆ ತಲೆಬಾಗಿದರೆ ಉಳಿದದ್ದು ಸುಲಭ.

ನಕ್ಷೆ ಒಮ್ಮೆ ನೋಡಿ

ಕ್ರಿ.ಪೂ. 187ರಲ್ಲಿ ರೋಮಿನ ಕಾನ್ಸುಲ್ ಮಾರ್ಕಸ್ ಎಮಿಲಿಯಸ್ ಲೆಪಿಡಸ್ ಕರಾವಳಿಯ ರಿಮಿನಿಯಿಂದ ಪಿಯಾಚೆಂಜಾವರೆಗೆ ಒಂದು ರಸ್ತೆ ಹಾಕಿಸಿದ. ಹೆಚ್ಚುಕಡಿಮೆ ನೂಲು ಹಿಡಿದಷ್ಟು ನೇರ. ಅದೇ ವಿಯಾ ಎಮಿಲಿಯಾ. ಪ್ರಾಂತ್ಯಕ್ಕೆ ಹೆಸರು ಬಂದದ್ದೂ ಅದರಿಂದಲೇ. ಬೊಲೋನ್ಯ, ಮೊದೆನಾ, ರೆಜ್ಜೊ ಎಮಿಲಿಯಾ, ಪಾರ್ಮಾ ನಾಲ್ಕೂ ಈ ದಾರಕ್ಕೆ ಪೋಣಿಸಿದ ಮಣಿಗಳು. ಬೊಲೋನ್ಯದಿಂದ ಮೊದೆನಾಗೆ ಸುಮಾರು 40 ಕಿ.ಮೀ., ಪಾರ್ಮಾಗೆ ಸುಮಾರು 100 ಕಿ.ಮೀ. ಪಕ್ಕದಲ್ಲೇ ಎ1 ಹೆದ್ದಾರಿ ಓಡುತ್ತದೆ, ರೈಲೂ ಇದೆ.

ಊರಿಂದೂರಿಗೆ ಹೋಗಲು ರೈಲೇ ಸಾಕಲ್ಲವೇ ಎಂದು ಕೇಳಬಹುದು. ಊರು ನೋಡಲಷ್ಟೇ ಆದರೆ ಧಾರಾಳವಾಗಿ ಸಾಕು, ಕಾರು ದಂಡ. ಆದರೆ ಚೀಸ್ ಡೇರಿಗಳು ಹೊಲಗಳ ನಡುವೆ ಇವೆ, ವಿನೆಗರ್ ಮನೆಗಳು ಊರಾಚೆಯ ತೋಟದ ಮನೆಗಳಲ್ಲಿವೆ. ಅಲ್ಲಿಗೆ ಬಸ್ಸು ನಂಬಿ ಹೊರಟರೆ ದಿನವೇ ಮುಗಿದುಹೋಗುತ್ತದೆ. ಕಾರು ಬೇಕಾಗುವುದು ಆ ಕಾರಣಕ್ಕೆ.

ಮೊದಲ ಹೆಜ್ಜೆ: ಪಟ್ಟಿಯಿಂದ ಹೊಡೆದುಹಾಕಿ

ಮಾರಾಟಕ್ಕಿರುವ ಪ್ಯಾಕೇಜ್‌ಗಳಲ್ಲಿ ಬಹುಪಾಲು 'ಚೀಸ್, ಹ್ಯಾಮ್, ಬಾಲ್ಸಾಮಿಕ್ ಮೂರೂ ಒಂದೇ ದಿನ' ಎನ್ನುತ್ತವೆ. ಬಾಲ್ಸಾಮಿಕ್ ಎಂದರೆ ಮೊದೆನಾದ ದ್ರಾಕ್ಷಿ ವಿನೆಗರ್. ಜೊತೆಗೆ ಭರ್ಜರಿ ಊಟ, ಅದರ ಮೇಲೆ 'ಸಮಯ ಸಿಕ್ಕರೆ' ಒಂದು ಊರು. ಆ ಸಮಯ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಒಂದು ದಿನಕ್ಕೆ ಎರಡು ತಯಾರಿಕೆ, ಎರಡು ಊರು. ಅದಕ್ಕಿಂತ ಒಂದೂ ಹೆಚ್ಚಲ್ಲ. ಪ್ರತಿ ತಯಾರಿಕೆಯ ಜಾಗದಲ್ಲಿ ರುಚಿ ನೋಡುವುದೂ ಸೇರಿ ಒಂದೂವರೆ ಗಂಟೆ, ಪ್ರತಿ ಊರಿಗೆ ಎರಡು ಗಂಟೆ, ಊಟಕ್ಕೆ ಒಂದೂಕಾಲು ಗಂಟೆ, ಓಡಾಟಕ್ಕೆ ಎಲ್ಲಾ ಸೇರಿ ಮೂರು ಗಂಟೆ. ಕೂಡಿಸಿ ನೋಡಿ, ಹನ್ನೊಂದು ಗಂಟೆ ದಾಟಿತು.

ಮಾಂಸ ತಿನ್ನದವರಿಗೆ ಇಲ್ಲೊಂದು ಅನುಕೂಲವಿದೆ. ಹ್ಯಾಮ್ ಬಿಟ್ಟರೆ ಆಯಿತು, ಪಾರ್ಮಾ ಊರಿಗೆ ಪೂರ್ತಿ ಸಮಯ ಸಿಗುತ್ತದೆ. ತಿನ್ನುವವರು ಮಾತ್ರ ಚೀಸ್ ಮತ್ತು ಹ್ಯಾಮ್ ಒಂದು ದಿನ, ಬಾಲ್ಸಾಮಿಕ್ ಇನ್ನೊಂದು ದಿನ ಎಂದು ಒಡೆದುಕೊಳ್ಳುವುದು ಒಳ್ಳೆಯದು. ಪ್ರೊಷುತ್ತೊ ದಿ ಪಾರ್ಮಾ ಎಂಬ ಆ ಹ್ಯಾಮ್ ತಯಾರಾಗುವುದು ಊರಿನಲ್ಲಲ್ಲ. ದಕ್ಷಿಣದ ಗುಡ್ಡಗಳಲ್ಲಿ, ಲಾಂಗಿರಾನೊ ಸುತ್ತಮುತ್ತ. ನಿಯಮದ ಪ್ರಕಾರ ವಿಯಾ ಎಮಿಲಿಯಾದಿಂದ ಕನಿಷ್ಠ 5 ಕಿ.ಮೀ. ದಕ್ಷಿಣಕ್ಕಿರಬೇಕು, 900 ಮೀಟರಿಗಿಂತ ಎತ್ತರದಲ್ಲಿರಬಾರದು. ಉದ್ದುದ್ದ ಕಿಟಕಿಗಳನ್ನು ತೆರೆದು ಗುಡ್ಡದ ಗಾಳಿಯಲ್ಲಿ ಒಣಗಿಸುತ್ತಾರೆ. ಪರೀಕ್ಷೆಗೆ ಕುದುರೆ ಮೂಳೆಯ ಸೂಜಿ ಚುಚ್ಚಿ ಮೂಸುತ್ತಾರೆ. ನೋಡಲು ಸೊಗಸು, ಆದರೆ ಹೋಗಿಬರುವಷ್ಟರಲ್ಲಿ ಅರ್ಧ ದಿನ ಕರಗಿರುತ್ತದೆ.

ಗೈಡ್ ಬೇರೆ, ಡ್ರೈವರ್ ಬೇರೆ

ಹಣ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಜಾಹೀರಾತಿನಲ್ಲಿ 'ಇಂಗ್ಲಿಷ್ ಮಾತಾಡುವ ಡ್ರೈವರ್' ಎಂದಿದ್ದರೆ ಅದರರ್ಥ ಅಷ್ಟೇ: ಗಾಡಿ ಓಡಿಸುತ್ತಾರೆ, ಇಂಗ್ಲಿಷ್ ಮಾತಾಡುತ್ತಾರೆ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಪರವಾನಗಿ ಬೇಕು. 2023ರ ಡಿಸೆಂಬರಿನಲ್ಲಿ ಬಂದ ಕಾನೂನು ರಾಷ್ಟ್ರಮಟ್ಟದ ಪರೀಕ್ಷೆಯನ್ನೂ ನೋಂದಣಿ ಪಟ್ಟಿಯನ್ನೂ ತಂದಿದೆ. ಪರವಾನಗಿ ಇಲ್ಲದ ಡ್ರೈವರ್ ನಿಮ್ಮನ್ನು ಚರ್ಚಿನ ಬಾಗಿಲಲ್ಲಿ ಇಳಿಸಿ 'ಒಂದು ಗಂಟೆ ಬಿಟ್ಟು ಸಿಗೋಣ' ಎನ್ನುತ್ತಾರೆ. ಅದು ಅವರ ಸೋಮಾರಿತನವಲ್ಲ, ನಿಯಮ ಹಾಗಿದೆ.

ಡ್ರೈವರಿಗೂ ಬೇರೆ ಪರವಾನಗಿ ಇದೆ. ಚಾಲಕನ ಸಮೇತ ಬಾಡಿಗೆ ಕಾರಿಗೆ ಅಲ್ಲಿ ಎನ್ನೆಚಿಚಿ ಎನ್ನುತ್ತಾರೆ, ಎನ್-ಸಿ-ಸಿ ಅಕ್ಷರಗಳ ಇಟಾಲಿಯನ್ ಉಚ್ಚಾರ. ಆದ್ದರಿಂದ ಬುಕ್ ಮಾಡುವ ಮುಂಚೆ ಬರೆದು ಕೇಳಬೇಕಾದದ್ದು: ಕಾರಿನಲ್ಲಿ ನಮ್ಮ ಜೊತೆ ಬರುವವರು ಪರವಾನಗಿ ಪಡೆದ ಗೈಡೇ? ಅವರು ಪೂರ್ತಿ ದಿನ ಇರುತ್ತಾರೋ, ಇಲ್ಲ ಊರಿನಲ್ಲಿ ಮಾತ್ರ ಬಂದು ಸೇರಿಕೊಳ್ಳುತ್ತಾರೋ? ಡೇರಿಗೆ ನಾವು ಎಷ್ಟು ಗಂಟೆಗೆ ತಲುಪುತ್ತೇವೆ? ಎಷ್ಟು ಗಂಟೆಗೆ ಹೊರಡುತ್ತೇವೆ ಎಂದು ಕೇಳಬೇಡಿ. ತಲುಪುವ ಹೊತ್ತನ್ನೇ ಕೇಳಿ. ರುಚಿ ನೋಡುವ ಖರ್ಚು, ಊಟ, ಟಿಕೆಟ್, ಹೆದ್ದಾರಿ ಟೋಲ್ ಇವುಗಳಲ್ಲಿ ದರದೊಳಗೆ ಯಾವುದಿದೆ, ಯಾವುದಿಲ್ಲ? ದರ ತಲೆಗೋ ಗುಂಪಿಗೋ? ಪ್ರೈವೇಟ್ ಎಂದಮೇಲೆ ಗುಂಪಿಗೆ ಒಂದೇ ದರವಿರುವುದು ವಾಡಿಕೆ. ಹಾಗಾಗಿ ಇಬ್ಬರೇ ಹೋದರೆ ಕಣ್ಣು ಬಿಡುವಷ್ಟಾಗುತ್ತದೆ, ಆರು ಜನರಾದರೆ ಹಗುರ.

ಖರ್ಚು ಇಳಿಸಲು ನಾನು ಕಂಡುಕೊಂಡ ದಾರಿ ಇದು. ಬೆಳಿಗ್ಗೆಯಿಂದ ಸಂಜೆವರೆಗೆ ಕಾರು, ಪಾರ್ಮಾದಲ್ಲಿ ಮಾತ್ರ ಎರಡು ಗಂಟೆಗೆ ಅಲ್ಲಿಯದೇ ಗೈಡ್. ಡೇರಿಯಲ್ಲೂ ವಿನೆಗರ್ ಮನೆಯಲ್ಲೂ ತೋರಿಸುವವರು ಆ ಮನೆಯವರೇ ಆಗಿರುತ್ತಾರೆ. ಅಲ್ಲಿ ಇನ್ನೊಬ್ಬ ಗೈಡ್ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ಹೇಳುವವರು ಆ ದಿನ ಇರುತ್ತಾರೆಯೇ ಎಂದು ಖಚಿತ ಮಾಡಿಕೊಂಡರೆ ಆಯಿತು.

ನಾನೇ ಓಡಿಸುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಈ ಊರುಗಳ ಹಳೆಯ ಭಾಗಕ್ಕೆಲ್ಲ ಝಡ್‌ಟಿಎಲ್ ಎಂಬ ವಾಹನ ನಿರ್ಬಂಧವಿದೆ. ಯಾರೂ ಅಡ್ಡ ಹಾಕುವುದಿಲ್ಲ, ಕ್ಯಾಮೆರಾ ನಂಬರ್ ಬರೆದುಕೊಳ್ಳುತ್ತದೆ. ತಿಂಗಳುಗಳಾದ ಮೇಲೆ, ಪ್ರವಾಸದ ನೆನಪು ಇನ್ನೂ ಸಿಹಿಯಾಗಿರುವಾಗಲೇ, ದಂಡದ ಕಾಗದ ಮನೆಗೆ ಬರುತ್ತದೆ. ಜೊತೆಗೆ ಬಾಡಿಗೆ ಕಂಪನಿಯ ಶುಲ್ಕ ಬೇರೆ.

ಯಾವ ದಿನ

ಮಂಗಳವಾರದಿಂದ ಶುಕ್ರವಾರದೊಳಗೆ. ಸೋಮವಾರ ಇಟಲಿಯಲ್ಲಿ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ಭಾನುವಾರ ಚರ್ಚುಗಳಲ್ಲಿ ಪೂಜೆ ನಡೆಯುತ್ತಿರುತ್ತದೆ, ಆಗ ಸುತ್ತಾಡುವಂತಿಲ್ಲ. ಊರಿನ ಸಂತರ ಹಬ್ಬಗಳನ್ನೂ ನೋಡಿಕೊಳ್ಳಿ: ಪಾರ್ಮಾದಲ್ಲಿ ಜನವರಿ 13, ಮೊದೆನಾದಲ್ಲಿ ಜನವರಿ 31, ಬೊಲೋನ್ಯದಲ್ಲಿ ಅಕ್ಟೋಬರ್ 4. ಆಗಸ್ಟ್ 15ರ ಆಸುಪಾಸು ಬೇಡವೇ ಬೇಡ. ಸೆಖೆಯೂ ಹೆಚ್ಚು, ಒಳ್ಳೆಯ ಹೋಟೆಲುಗಳಿಗೂ ಬೀಗ. ಡೇರಿ ಮಾತ್ರ ಆ ದಿನವೂ ನಡೆಯುತ್ತದೆ. ಹಸುವಿಗೆ ರಜೆ ಎಲ್ಲಿಂದ?

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಚೆನ್ನ. ಚಳಿಗಾಲದಲ್ಲಿ ಪೋ ಬಯಲಿನ ಮಂಜು ದಟ್ಟ; ಅದನ್ನು ಇಷ್ಟಪಡುವವರೂ ಇದ್ದಾರೆ.

ಸಸ್ಯಾಹಾರಿಗಳು ಇದನ್ನು ಓದದೆ ಮುಂದೆ ಹೋಗಬೇಡಿ

ಈ ಡೇರಿಗಳಲ್ಲಿ ತಯಾರಾಗುವ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಬೇಕಾದದ್ದು ಮೂರೇ: ಹಾಲು, ಉಪ್ಪು, ಹಾಲನ್ನು ಗಟ್ಟಿಯಾಗಿಸುವ ರೆನೆಟ್. ಈ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದು. ನಿಯಮವೇ ಹಾಗಿದೆ, ಬದಲಿ ಇಲ್ಲ. 'ಸಸ್ಯಾಹಾರಿ ಪಾರ್ಮಿಜಾನೊ' ಎಂಬುದು ಇಲ್ಲ. ತಿನ್ನುವುದು ಬಿಡುವುದು ನಿಮ್ಮ ಇಷ್ಟ, ಆದರೆ ಗೊತ್ತಿದ್ದು ನಿರ್ಧರಿಸಿ. ನಮ್ಮ ಗುಂಪಿನಲ್ಲಿ ಅತ್ತೆ ಇದನ್ನು ಕೇಳಿ ತಟ್ಟೆ ಪಕ್ಕಕ್ಕಿಟ್ಟರು. ಆದರೂ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ, ಹೆಪ್ಪು ಹಾಕುವುದನ್ನು ನಮಗೆಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರೂ ಅವರೇ.

ಊಟದಲ್ಲಿ ಕಣ್ಣಿಗೆ ಕಾಣದ್ದು ಇನ್ನೂ ಇದೆ. ಮೊದೆನಾದ ಉಬ್ಬಿದ ಞೊಕ್ಕೊ ಫ್ರಿತ್ತೊ, ಪಾರ್ಮಾದಲ್ಲಿ ಅದರದೇ ಇನ್ನೊಂದು ಹೆಸರು ತೋರ್ತಾ ಫ್ರಿತ್ತಾ, ನೋಡಲು ಮೈದಾ ಪೂರಿಯಂತಿರುತ್ತದೆ. ಸಂಪ್ರದಾಯದಂತೆ ಕರಿಯುವುದು ಹಂದಿಕೊಬ್ಬಿನಲ್ಲಿ. ರೆಜ್ಜೊದ ಸೊಪ್ಪಿನ ಎರ್ಬತ್ಸೋನೆಗೂ ಅನೇಕ ಕಡೆ ಆ ಕೊಬ್ಬು ಬೀಳುತ್ತದೆ. ಪುಟ್ಟ ಕಡುಬಿನಂಥ ಪಾಸ್ತಾ ತೋರ್ತೆಲ್ಲೀನಿಯ ಹೂರಣವೇ ಹಂದಿಮಾಂಸ, ಬೇಯುವುದು ಮಾಂಸದ ಸಾರಿನಲ್ಲಿ. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ತುಂಡು ಮಾಂಸ ತೆಗೆಯುತ್ತಾರೆ, ಸಾರು ಹಾಗೇ ಇರುತ್ತದೆ. ಆದ್ದರಿಂದ ಮೂರು ಮಾತು ಬಾಯಿಪಾಠ ಮಾಡಿ: ಸೆನ್ತ್ಸಾ ಕಾರ್ನೆ, ಅಂದರೆ ಮಾಂಸವಿಲ್ಲದೆ, ಸೆನ್ತ್ಸಾ ಬ್ರೋದೊ ದಿ ಕಾರ್ನೆ, ಮಾಂಸದ ಸಾರಿಲ್ಲದೆ, ಸೆನ್ತ್ಸಾ ಸ್ತ್ರುತ್ತೊ, ಹಂದಿಕೊಬ್ಬಿಲ್ಲದೆ. ಇದನ್ನೇ ಬುಕಿಂಗ್ ಸಂದೇಶದಲ್ಲೂ ಬರೆಯಿರಿ.

ತಿನ್ನಲು ಏನೂ ಇಲ್ಲವೇ ಎಂದು ಹೆದರಬೇಡಿ. ಪಾರ್ಮಾದ ತೋರ್ತೆಲ್ಲಿ ದೆರ್ಬೆತ್ತಾ, ರಿಕೋತ್ತಾ ಎಂಬ ಮೆದು ಚೀಸ್ ಮತ್ತು ಸೊಪ್ಪಿನ ಹೂರಣ ತುಂಬಿ ಬೆಣ್ಣೆಯಲ್ಲಿ ಮುಳುಗಿಸಿ ಕೊಡುವ ಹಿಟ್ಟಿನ ಚೌಕಗಳು, ಬಾಯಲ್ಲಿಟ್ಟರೆ ಕರಗುತ್ತವೆ. ಕುಂಬಳಕಾಯಿ ಹೂರಣದ್ದೂ ಇದೆ. ಎರಡಕ್ಕೂ ಪಾರ್ಮಿಜಾನೊ ಬೀಳುತ್ತದೆ ಎಂಬುದು ನೆನಪಿರಲಿ.

ದಿನ ಹೀಗೆ ಸಾಗಲಿ

ಬೆಳಿಗ್ಗೆ 7ಕ್ಕೆ ಬೊಲೋನ್ಯ ಬಿಡಿ. ಹೊಟ್ಟೆಗೆ ಒಂದು ಕಾಫಿ, ಒಂದು ಬನ್ನು ಸಾಕು. 8.15ರ ಹೊತ್ತಿಗೆ ಪಾರ್ಮಾ ಹತ್ತಿರದ ಡೇರಿಯಲ್ಲಿರಬೇಕು. ಪಾರ್ಮಿಜಾನೊ ಒಕ್ಕೂಟದ ಜಾಲತಾಣದಲ್ಲಿ ಭೇಟಿಗೆ ಅವಕಾಶ ಕೊಡುವ ಡೇರಿಗಳನ್ನು ಹುಡುಕಬಹುದು. ಮುಂಚೆ ಬುಕ್ ಮಾಡದೆ ಹೋಗಬಾರದು. ನೆಲ ಒದ್ದೆಯಿರುತ್ತದೆ, ಜಾರದ ಶೂ ಹಾಕಿ. ಮೇಲೆ ಹಾಕಿಕೊಳ್ಳಲು ಕಾಗದದಂಥ ಕೋಟು, ಟೋಪಿ ಅವರೇ ಕೊಡುತ್ತಾರೆ.

ಒಳಗೆ ನಡೆಯುತ್ತಿರುವುದೇನು ಎಂದು ಮೊದಲೇ ತಿಳಿದುಕೊಂಡು ಹೋದರೆ ಕಣ್ಣಿಗೆ ಹೆಚ್ಚು ಬೀಳುತ್ತದೆ. ಹಿಂದಿನ ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಅಗಲ ತೊಟ್ಟಿಗಳಲ್ಲಿ ನಿಲ್ಲಿಸಿ ಮೇಲಿನ ಕೆನೆ ತೆಗೆದಿರುತ್ತಾರೆ. ಬೆಳಗಿನ ಹಾಲು ಕೆನೆ ಸಮೇತ ಅದಕ್ಕೆ ಸೇರುತ್ತದೆ. ತಲೆಕೆಳಗಾದ ಗಂಟೆಯ ಆಕಾರದ ತಾಮ್ರದ ಕೊಪ್ಪರಿಗೆ ಒಂದೊಂದಕ್ಕೆ ಸುಮಾರು 1,100 ಲೀಟರ್. ನಿನ್ನೆಯ ಹಾಲೊಡಕನ್ನೇ ಹೆಪ್ಪಿನ ಹಾಗೆ ಬೆರೆಸಿ, ರೆನೆಟ್ ಹಾಕುತ್ತಾರೆ. ಹತ್ತೇ ನಿಮಿಷದಲ್ಲಿ ಹಾಲು ಗಟ್ಟಿ. ಅದನ್ನು ಸ್ಪೀನೊ ಎಂಬ ದೊಡ್ಡ ತಂತಿಯ ಕಡೆಗೋಲಿನಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಒಡೆದು 55 ಡಿಗ್ರಿಗೆ ಕಾಯಿಸುತ್ತಾರೆ. ಕಾಳು ತಳ ಸೇರಿ ಒಂದೇ ಮುದ್ದೆಯಾಗುತ್ತದೆ. ಇದಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು.

ಆಮೇಲೆ ಬರುವ ಕ್ಷಣಕ್ಕಾಗಿಯೇ ನೀವು ನಸುಕಿನಲ್ಲಿ ಎದ್ದಿದ್ದು. ಇಬ್ಬರು ಬಗ್ಗಿ, ಮರದ ಹುಟ್ಟಿನಿಂದ ಮುದ್ದೆಯನ್ನು ಮೇಲೆಬ್ಬಿಸಿ, ಬಟ್ಟೆಯಲ್ಲಿ ಕಟ್ಟಿ ಕೋಲಿಗೆ ನೇತು ಹಾಕುತ್ತಾರೆ. ಹಬೆ, ಬಿಸಿ ಹಾಲಿನ ವಾಸನೆ, ತೊಟ್ಟಿಕ್ಕುವ ನೀರು. ಚಾಕುವಿನಿಂದ ಅದನ್ನು ಎರಡು ಮಾಡುತ್ತಾರೆ. ಅಲ್ಲಿಯವರ ಬಾಯಲ್ಲಿ ಅವು 'ಅವಳಿ'. ಒಂದು ಕೊಪ್ಪರಿಗೆಯಿಂದ ಎರಡೇ ಚೀಸ್ ಚಕ್ರ. ಒಂಬತ್ತೂವರೆ ಹತ್ತರ ಹೊತ್ತಿಗೆ ಇದೆಲ್ಲ ಮುಗಿದು, ನನ್ನ ಮೊದಲ ಪ್ರವಾಸದ ಆ ಪೈಪು ಹೊರಬರುತ್ತದೆ.

ಅಚ್ಚಿನಿಂದ ಬಿಡಿಸಿದ ಚಕ್ರಗಳು ಸುಮಾರು ಮೂರು ವಾರ ಉಪ್ಪುನೀರಿನಲ್ಲಿ ತೇಲುತ್ತವೆ. ಬಳಿಕ ಚಾವಣಿ ಮುಟ್ಟುವ ಹಲಗೆಗಳ ಮೇಲೆ ಕನಿಷ್ಠ 12 ತಿಂಗಳು. ಹನ್ನೆರಡನೆಯ ತಿಂಗಳಿಗೆ ಒಕ್ಕೂಟದ ಪರೀಕ್ಷಕರು ಬಂದು ಪ್ರತಿಯೊಂದನ್ನೂ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ. ಒಳಗೆ ಬಿರುಕಿದ್ದರೆ ಸದ್ದೇ ಹೇಳುತ್ತದೆ. ಹಲಸಿನಹಣ್ಣು ತಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸುಮಾರು 40 ಕಿಲೋ ತೂಗುವ ಚಕ್ರವೊಂದರ ಹಿಂದೆ 500 ಲೀಟರಿಗೂ ಹೆಚ್ಚು ಹಾಲಿದೆ ಎಂದು ನೆನೆದರೆ ಬೆಲೆ ಕೇಳಿ ಹುಬ್ಬೇರಿಸುವುದಿಲ್ಲ.

ರುಚಿ ನೋಡುವಾಗ ಎಳೆಯದರಿಂದ ಹಳೆಯದಕ್ಕೆ ಹೋಗಿ: 12 ತಿಂಗಳದ್ದು, 24, 36. ಮೊದಲನೆಯದರಲ್ಲಿ ಹಾಲಿನ ಸಿಹಿ, ಕೊನೆಯದರಲ್ಲಿ ಖಾರದ ನೆರಳು. ಹಲ್ಲಿಗೆ ಸಿಗುವ ಬಿಳಿ ಹರಳು ಉಪ್ಪಲ್ಲ. ಅದು ಟೈರೋಸಿನ್, ಪ್ರೋಟೀನ್ ಒಡೆದು ಬಂದದ್ದು, ಚೀಸ್ ಬಲಿತಿದೆ ಎಂಬ ಗುರುತು.

10.30ಕ್ಕೆ ಪಾರ್ಮಾ. ಗೈಡ್ ಇಲ್ಲಿ ಸೇರಿಕೊಳ್ಳಲಿ. ನೇರವಾಗಿ ಕಥೀಡ್ರಲ್ ಚೌಕಕ್ಕೆ. ಮಧ್ಯಾಹ್ನ ಅನೇಕ ಚರ್ಚುಗಳು ಹನ್ನೆರಡೂವರೆಯಿಂದ ಮೂರರವರೆಗೆ ಮುಚ್ಚುವ ರೂಢಿಯಿರುವುದರಿಂದ ಒಳಗಿನದನ್ನು ಮೊದಲು ಮುಗಿಸಬೇಕು, ಹೊರಗಿನದು ಓಡಿಹೋಗುವುದಿಲ್ಲ. ಭುಜ, ಮೊಣಕಾಲು ಮುಚ್ಚಿರಲಿ.

ಗುಮ್ಮಟದ ಒಳಮೈಯಲ್ಲಿ ಕೊರೆಜ್ಜೊ ಬರೆದು 1530ರಲ್ಲಿ ಮುಗಿಸಿದ ಚಿತ್ರವಿದೆ: ಮೇರಿ ಸ್ವರ್ಗಕ್ಕೇರುತ್ತಿದ್ದಾಳೆ, ಸುತ್ತಲೂ ಮೋಡ, ದೇವತೆಗಳ ಗುಂಪು. ಕೆಳಗಿನಿಂದ ಕಾಣುವುದು ಹೆಚ್ಚಾಗಿ ಕಾಲುಗಳೇ. ಅಂದಿನ ಪಾದ್ರಿಯೊಬ್ಬರು 'ಇದೇನು, ಕಪ್ಪೆಗಳ ಗೊಜ್ಜು' ಎಂದು ಮೂಗು ಮುರಿದರೆಂಬ ಕತೆಯನ್ನು ಗೈಡ್‌ಗಳು ಇವತ್ತಿಗೂ ಹೇಳುತ್ತಾರೆ. ಊಟದ ಊರಿನಲ್ಲಿ ಬೈಗುಳವೂ ಅಡುಗೆಯದೇ.

ಪಕ್ಕದ ಎಂಟು ಮೂಲೆಯ ಬ್ಯಾಪ್ಟಿಸ್ಟರಿ, ಅಂದರೆ ಜ್ಞಾನಸ್ನಾನದ ಮಂದಿರ, ಶಿಲ್ಪಿ ಬೆನೆದೆತ್ತೊ ಆಂತೆಲಾಮಿ 1196ರಲ್ಲಿ ಆರಂಭಿಸಿದ್ದು. ವೆರೋನಾದ ನಸುಗೆಂಪು ಅಮೃತಶಿಲೆ. ಒಳಗೆ ಹನ್ನೆರಡು ತಿಂಗಳ ಕೆಲಸಗಳನ್ನು ತೋರಿಸುವ ಶಿಲ್ಪಗಳಿವೆ, ಬೇಸಾಯದ ಪಂಚಾಂಗವೇ ಕಲ್ಲಿನಲ್ಲಿ. ಗೈಡ್‌ಗೆ ಹೇಳಿ ಒಂದೊಂದನ್ನೂ ನಿಧಾನವಾಗಿ ನೋಡಿ. ಮೊದೆನಾದಲ್ಲಿ ಇದರ ಹಿರಿಯಕ್ಕನನ್ನು ನೋಡುವವರಿದ್ದೀರಿ.

ಪಿಲೋತ್ತಾ ಅರಮನೆಯ ಮರದ ರಂಗಮಂದಿರ ತೆಯಾತ್ರೊ ಫಾರ್ನೇಸೆ 1618ರದು. 1944ರ ಬಾಂಬಿಗೆ ಬಹುಪಾಲು ನಾಶವಾಗಿ ಮತ್ತೆ ಕಟ್ಟಿದ್ದು. ಅರ್ಧ ಗಂಟೆ ಉಳಿದರೆ ನೋಡಿ, ಇಲ್ಲವಾದರೆ ಬೇಸರ ಬೇಡ.

ಊಟ 12.45ಕ್ಕೆ. ಅಡುಗೆಮನೆ ಎರಡೂವರೆ ಆಗುತ್ತಲೇ ಮುಚ್ಚುತ್ತದೆ, ಮೂರಕ್ಕೆ ಹೋಗಿ ಬೇಡಿಕೊಂಡರೂ ಒಲೆ ಹಚ್ಚುವುದಿಲ್ಲ. ಡೇರಿಯಲ್ಲಿ ತಿಂದದ್ದು ಹೊಟ್ಟೆಯಲ್ಲಿರುತ್ತದೆ, ಮುಂದೆ ಇನ್ನೊಂದು ರುಚಿ ಕಾದಿದೆ. ಒಂದು ತೋರ್ತೆಲ್ಲಿ, ಒಂದು ಸಿಹಿ, ಸಾಕು. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಒಂದೆರಡು ಯೂರೋ ಕಂಡರೆ ಅದು ಬ್ರೆಡ್ಡು, ಮೇಜಿನ ಲೆಕ್ಕ. ಟಿಪ್ಸ್ ಕಡ್ಡಾಯವಲ್ಲ.

2ಕ್ಕೆ ಹೊರಟರೆ 3.15ಕ್ಕೆ ಮೊದೆನಾ ಹತ್ತಿರದ ಅಚೆತಾಯಾ, ಅಂದರೆ ವಿನೆಗರ್ ಮನೆ. ಇದು ಕಾರ್ಖಾನೆಯಲ್ಲ, ಮನೆಯ ಅಟ್ಟ. ಬೇಸಿಗೆಯಲ್ಲಿ ಬೇಯಬೇಕು, ಚಳಿಯಲ್ಲಿ ನಡುಗಬೇಕು, ಆಗಲೇ ರಸ ಪಕ್ವವಾಗುವುದು ಎಂದು ಅಟ್ಟದಲ್ಲಿಡುತ್ತಾರೆ. ದ್ರಾಕ್ಷಿಯ ಹಸಿ ರಸವನ್ನು ಕುದಿಸಿ ಇಂಗಿಸಿ ಪೀಪಾಯಿಗೆ ತುಂಬುತ್ತಾರೆ. ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಐದೋ ಆರೋ ಪೀಪಾಯಿ, ಓಕ್, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ ಹೀಗೆ ಬೇರೆ ಬೇರೆ ಮರದ್ದು. ವರ್ಷಕ್ಕೊಮ್ಮೆ ಅತಿ ಸಣ್ಣದರಿಂದ ಸ್ವಲ್ಪ ತೆಗೆದು, ಆ ಜಾಗವನ್ನು ಪಕ್ಕದ ದೊಡ್ಡದರಿಂದ ತುಂಬಿಸುತ್ತ ಹೋಗುತ್ತಾರೆ. ಮಗು ಹುಟ್ಟಿದಾಗ ಹೊಸ ಸಾಲು ಇಡುವ ಪದ್ಧತಿಯೂ ಇದೆ.

ಹೆಸರುಗಳ ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಲೇಬಲ್ ಮೇಲೆ 'ತ್ರಾದಿತ್ಸಿಯೊನಾಲೆ' ಮತ್ತು ಡಿಒಪಿ (ಮೂಲಸ್ಥಳ ಸಂರಕ್ಷಣೆಯ ಮುದ್ರೆ) ಎಂದಿದ್ದರೆ ಕನಿಷ್ಠ 12 ವರ್ಷ. 'ಎಕ್ಸ್‌ತ್ರಾವೆಕ್ಯೊ' ಇದ್ದರೆ 25 ವರ್ಷ. ಬರೀ ಐಜಿಪಿ (ಅದಕ್ಕಿಂತ ಸಡಿಲ ನಿಯಮದ ಮುದ್ರೆ) ಎಂದಿದ್ದರೆ ಅದು ವೈನ್ ವಿನೆಗರ್ ಬೆರೆಸಿದ್ದು, ಕನಿಷ್ಠ 60 ದಿನ. ಎರಡೂ ಅಸಲಿಯೇ, ಸಲಾಡಿಗೆ ಎರಡನೆಯದೇ ಸರಿ. ಆದರೆ ಎರಡನೆಯದನ್ನು ಮೊದಲನೆಯದರ ಬೆಲೆಗೆ ಕೊಂಡರೆ ಮೋಸ ಹೋದಂತೆ. ಮೊದೆನಾದ ತ್ರಾದಿತ್ಸಿಯೊನಾಲೆ ಸಿಗುವುದು 100 ಮಿ.ಲೀ.ಯ ಒಂದೇ ಆಕಾರದ ಬಾಟಲಿಯಲ್ಲಿ, ಕಾರು ವಿನ್ಯಾಸಗಾರ ಜೊರ್ಜೆತ್ತೊ ಜುಜಾರೊ ರೂಪಿಸಿದ ಗುಂಡು ಬಾಟಲಿ. ಬೇರೆ ಆಕಾರದ್ದನ್ನು ತೋರಿಸಿ ಅದೇ ಎಂದರೆ ನಂಬಬೇಡಿ.

5ಕ್ಕೆ ಮೊದೆನಾ. ಪಿಯಾತ್ಸಾ ಗ್ರಾಂದೆ, ಕಥೀಡ್ರಲ್, 86 ಮೀಟರಿನ ಗಿರ್ಲಾಂದೀನಾ ಗೋಪುರ ಮೂರೂ 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಕಥೀಡ್ರಲ್‌ಗೆ 1099ರಲ್ಲಿ ಅಡಿಗಲ್ಲು. ಕಟ್ಟಿದವ ಲಾನ್‌ಫ್ರಾಂಕೊ, ಮುಂಭಾಗದ ಶಿಲ್ಪ ವಿಲಿಜೆಲ್ಮೊನದು. ಇಬ್ಬರ ಹೆಸರೂ ಗೋಡೆಯ ಮೇಲೇ ಕೆತ್ತಿದೆ. ಗೋಪುರದ ಕಡೆಯ ಬಾಗಿಲು ಮೀನು ಮಾರುವ ಜಾಗದ ಹೆಸರು ಹೊತ್ತಿದೆ, ಪೋರ್ತಾ ದೆಲ್ಲಾ ಪೆಸ್ಕೆರಿಯಾ. ಅದರ ಒಳಪಕ್ಕ ಬಗ್ಗಿ ನೋಡಿದರೆ ಪಾರ್ಮಾದಲ್ಲಿ ಕಂಡ ಅದೇ ಹನ್ನೆರಡು ತಿಂಗಳ ದುಡಿಮೆ, ಅದಕ್ಕಿಂತಲೂ ಹಳೆಯದು. ಹಿಂಭಾಗದ ಗೋಡೆಯಲ್ಲಿ ಇಟ್ಟಿಗೆ, ಹೆಂಚುಗಳ ಅಳತೆ ಕೆತ್ತಿದ್ದಾರೆ. ಸಂತೆಯಲ್ಲಿ ಜಗಳವಾದರೆ ದೇವಸ್ಥಾನದ ಗೋಡೆಗೆ ಹಿಡಿದು ನೋಡುವ ವ್ಯವಸ್ಥೆ. ಇದನ್ನು ನೋಡಲು ಗೈಡ್ ಬೇಕಿಲ್ಲ, ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು. 1931ರ ಆಲ್ಬಿನೆಲ್ಲಿ ಮಾರುಕಟ್ಟೆ ನಿಜವಾದ ಕಳೆಯಲ್ಲಿರುವುದು ಬೆಳಿಗ್ಗೆ. ಈ ವೇಳಾಪಟ್ಟಿಯಲ್ಲಿ ಅದು ತಪ್ಪುತ್ತದೆ, ಅದೊಂದೇ ನನಗೆ ಕೊರೆಯುವ ಸಂಗತಿ. ಬಾಕಿ ಇಟ್ಟುಕೊಂಡವರು ಇನ್ನೊಂದು ಬೆಳಿಗ್ಗೆ ಬೊಲೋನ್ಯದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬಂದು ನೋಡಬಹುದು.

7ಕ್ಕೆ ಹೊರಟರೆ 8ರೊಳಗೆ ಹೋಟೆಲು.

ಕೊಂಡದ್ದನ್ನು ಊರಿಗೆ ತರುವುದು

ಚೀಸನ್ನು ಡೇರಿಯಲ್ಲೇ ಕೊಳ್ಳಿ, 'ಸೊತ್ತೊವೂತೊ' ಎಂದರೆ ಗಾಳಿ ತೆಗೆದು ಪ್ಯಾಕ್ ಮಾಡಿಕೊಡುತ್ತಾರೆ. ಮಾಂಸ, ಹಾಲಿನ ಪದಾರ್ಥ ತರುವ ಬಗ್ಗೆ ನೀವು ಇಳಿಯುವ ದೇಶದ ನಿಯಮ ನೋಡಿಕೊಂಡೇ ದುಡ್ಡು ಕೊಡಿ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರು ಒಂದೇ ಅಂಗಡಿಯಲ್ಲಿ 70 ಯೂರೋಗಿಂತ ಹೆಚ್ಚು ಕೊಂಡರೆ ತೆರಿಗೆ ವಾಪಸಿಗೆ ಅರ್ಹರು; 2024ರ ಫೆಬ್ರವರಿಗೆ ಮುಂಚೆ ಈ ಮಿತಿ 155 ಯೂರೋ ಹತ್ತಿರ ಇತ್ತು. ಅಂಗಡಿ ಆ ವ್ಯವಸ್ಥೆಯಲ್ಲಿರಬೇಕು, ಬಿಲ್ ಮಾಡುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು.

ವಿನೆಗರ್ ಬಾಟಲಿ 100 ಮಿ.ಲೀ. ಇರುವುದರಿಂದ ಕೈಚೀಲದಲ್ಲಿ ಒಯ್ಯಬಹುದು ಎನಿಸುತ್ತದೆ. ನಾನು ಒಯ್ಯುವುದಿಲ್ಲ. ಹನ್ನೆರಡು ವರ್ಷ ಅಟ್ಟದಲ್ಲಿ ಕಾದ ರಸವನ್ನು ಭದ್ರತಾ ತಪಾಸಣೆಯ ಸಿಬ್ಬಂದಿಯ ಆ ಹೊತ್ತಿನ ಮನಸ್ಸಿಗೆ ಒಪ್ಪಿಸುವ ಧೈರ್ಯ ನನಗಿಲ್ಲ. ಡಬ್ಬ ಸಮೇತ ಎರಡು ಕಾಲುಚೀಲದೊಳಗೆ ತೂರಿಸಿ, ದೊಡ್ಡ ಪೆಟ್ಟಿಗೆಯ ನಡುವೆ, ಬಟ್ಟೆಗಳ ಮಧ್ಯೆ ಇಟ್ಟುಬಿಡುತ್ತೇನೆ.